ಷರತ್ತು ಹಾಕಿ ಕೂಡುವ ಲೆಕ್ಕ



ಏಪ್ರಿಲ್ ಮೊದಲಿನಿಂದ ಜೂನ್ ಕೊನೆಯವರೆಗೆ ಶಿರಸಿ ಮಾರುಕಟ್ಟೆಯಲ್ಲಿ ನಿಮ್ಮ ಮನೆಯ ಚಾಲಿ ಅಡಿಕೆ ಎಷ್ಟು ಮಾರಾಟವಾಯಿತು? ಅಡಿಕೆ ಬೆಳೆಯುವ ಯಾವ ಮನೆಯಲ್ಲಿ ಈ ಪ್ರಶ್ನೆ ಕೇಳಿದರೂ ಉತ್ತರಕ್ಕೆ ಬೇಕಾದ ಕಾಗದವೆಲ್ಲ ಅಲ್ಲೇ ಇರುತ್ತದೆ. ಮಂಡಿಯಿಂದ ಬಂದ ಪಟ್ಟಿಗಳನ್ನು ಮನೆಯಲ್ಲಿ ಯಾರೋ ಒಬ್ಬರು ಜೋಪಾನವಾಗಿ ಕಡತದಲ್ಲಿ ಹಾಕಿಟ್ಟಿರುತ್ತಾರೆ. ಆದರೂ ಉತ್ತರ ಕೂಡಲೇ ಬರುವುದಿಲ್ಲ. ಶಿರಸಿಯ ಪಟ್ಟಿ ಬೇರೆ, ಸಿದ್ದಾಪುರದ ಪಟ್ಟಿ ಬೇರೆ ಮಾಡಬೇಕು. ಅದರಲ್ಲಿ ರಾಶಿ, ಬೆಟ್ಟೆ, ಗೋಟು ಬಿಟ್ಟು ಚಾಲಿಯದನ್ನಷ್ಟೇ ಹೆಕ್ಕಬೇಕು. ಹೆಕ್ಕಿದ್ದರಲ್ಲಿ ಜುಲೈ ತಿಂಗಳದ್ದು ಬದಿಗಿಡಬೇಕು. ಉಳಿದದ್ದನ್ನು ಕೂಡಬೇಕು. ನಡುವೆ ಯಾರಾದರೂ ಮಾತನಾಡಿಸಿದರೆ ಮತ್ತೆ ಮೊದಲಿನಿಂದ.

ಈಗ ಎಷ್ಟೋ ಮನೆಗಳಲ್ಲಿ ಈ ಅಂಕಿಗಳು ಕಂಪ್ಯೂಟರಿಗೋ ಮೊಬೈಲಿಗೋ ಏರಿವೆ. ಓದಿದ ಮಗಳೋ ಸೊಸೆಯೋ ಎಕ್ಸೆಲ್‌ನಲ್ಲಿ, ಗೂಗಲ್ ಶೀಟ್ಸ್‌ನಲ್ಲಿ ಎಲ್ಲವನ್ನೂ ಅಚ್ಚುಕಟ್ಟಾಗಿ ತುಂಬಿಟ್ಟಿದ್ದಾರೆ. ಸಹಕಾರ ಸಂಘಗಳ ಕಚೇರಿಗಳಲ್ಲೂ ಅದೇ ಸ್ಥಿತಿ. ಆದರೆ ಮೇಲಿನಂಥ ಪ್ರಶ್ನೆ ಬಂದಾಗ ಆಗುವುದೇನು? ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾ, ಪಕ್ಕದಲ್ಲಿ ಕ್ಯಾಲ್ಕುಲೇಟರ್ ಒತ್ತುತ್ತಾ ಕೂಡುತ್ತಾರೆ. ಅಂಕಿಗಳನ್ನು ತುಂಬಿದ ಶ್ರಮ ಅರ್ಧ ದಾರಿಯಲ್ಲೇ ನಿಂತುಹೋಗುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಲವು ಷರತ್ತುಗಳನ್ನು ಒಟ್ಟಿಗೆ ಹಾಕಿ, ಅವೆಲ್ಲಕ್ಕೂ ಹೊಂದುವ ಸಾಲುಗಳನ್ನು ಮಾತ್ರ ಕೂಡುವ ಫಾರ್ಮುಲಾ ಆ ತಂತ್ರಾಂಶದಲ್ಲೇ ಇದೆ. ಅದನ್ನು ಕಲಿಯಲು ಲೆಕ್ಕಶಾಸ್ತ್ರ ಓದಿರಬೇಕಾಗಿಲ್ಲ. ಇವತ್ತು ಅದರ ಬಗ್ಗೆಯೇ ಮಾತನಾಡುತ್ತೇನೆ.

ಫಾರ್ಮುಲಾಕ್ಕಿಂತ ಮೊದಲು ಬರೆಯುವ ರೀತಿಯ ವಿಷಯ ಹೇಳಬೇಕು. ನನ್ನ ಪ್ರಕಾರ ಮುಕ್ಕಾಲು ಕೆಲಸ ಇರುವುದೇ ಅಲ್ಲಿ. ಬಹಳ ಜನ ತಿಂಗಳಿಗೊಂದು ಹಾಳೆ ಮಾಡುತ್ತಾರೆ. ಇನ್ನು ಕೆಲವರು ಅಡಿಕೆಯ ಬಗೆಗೊಂದು ಹಾಳೆ ಮಾಡುತ್ತಾರೆ. ಕಾಗದದ ಖಾತೆ ಪುಸ್ತಕದಲ್ಲಿ ಅದು ಸರಿಯಾದ ಕ್ರಮವಾಗಿತ್ತು. ಖಾತೆಗೊಂದು ಪುಟ ತೆರೆಯದಿದ್ದರೆ ಆಮೇಲೆ ಹುಡುಕಲು ಸಾಧ್ಯವೇ ಇರಲಿಲ್ಲ. ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟಿನಲ್ಲಿ ಮಾತ್ರ ಅದು ತಿರುಗುಮುರುಗಾಗುತ್ತದೆ. ಇಲ್ಲಿ ವಿಂಗಡಿಸುವ ಕೆಲಸ ಯಂತ್ರದ್ದು. ನೀವು ಮಾಡಬೇಕಾದದ್ದು ದಿನವಹಿಯ ಹಾಗೆ ಒಂದೇ ಉದ್ದನೆಯ ದಾಖಲೆ ಬರೆಯುತ್ತಾ ಹೋಗುವುದು. ಒಂದು ಮಾರಾಟಕ್ಕೆ ಒಂದು ಸಾಲು. ಮೊದಲ ಕಾಲಂ ಎ, ಅದರಲ್ಲಿ ದಿನಾಂಕ. ಬಿ ಕಾಲಂನಲ್ಲಿ ಮಾರುಕಟ್ಟೆ. ಸಿ ಕಾಲಂನಲ್ಲಿ ಬಗೆ. ಡಿ ಕಾಲಂನಲ್ಲಿ ತೂಕ, ಕಿಲೋ ಲೆಕ್ಕದಲ್ಲಿ. ಇ ಕಾಲಂನಲ್ಲಿ ಕ್ವಿಂಟಲ್ ದರ. ಎಫ್ ಕಾಲಂನಲ್ಲಿ ಮೊತ್ತ. ಜಿ ಕಾಲಂನಲ್ಲಿ ಯಾವ ತೋಟದ ಅಡಿಕೆ, ಯಾರ ಪಾಲಿನದು ಎಂಬುದು. ಕೊನೆಗೆ ಷರಾ. ವರ್ಷವಿಡೀ ಇದೇ ಹಾಳೆ. ಮುಂದಿನ ವರ್ಷವೂ ಇದರ ಕೆಳಗೇ ಮುಂದುವರಿಯಲಿ. ಜಾಗ ಸಾಲದೆಂಬ ಭಯ ಬೇಡ. 2007ರ ಎಕ್ಸೆಲ್‌ನಿಂದ ಈಚೆಗೆ ಒಂದು ಹಾಳೆಯಲ್ಲಿ 10,48,576 ಸಾಲುಗಳಿವೆ.

ಈಗ ಆರು ಸಾಲುಗಳ ಒಂದು ಚಿಕ್ಕ ದಾಖಲೆ ಕೊಡುತ್ತೇನೆ. ಹತ್ತಿರ ಪೆನ್ನು ಇದ್ದರೆ ಬರೆದುಕೊಳ್ಳಿ. ಲೆಕ್ಕಕ್ಕೆ ಅನುಕೂಲವಾಗಲೆಂದು ದುಂಡು ಅಂಕಿ ಇಟ್ಟಿದ್ದೇನೆ. ಏಪ್ರಿಲ್ 5, ಶಿರಸಿ, ಚಾಲಿ, 300 ಕಿಲೋ. ಅದೇ ದಿನ ಶಿರಸಿಯಲ್ಲೇ ರಾಶಿ, 200 ಕಿಲೋ. ಏಪ್ರಿಲ್ 20, ಸಿದ್ದಾಪುರ, ಚಾಲಿ, 150 ಕಿಲೋ. ಮೇ 10, ಶಿರಸಿ, ಚಾಲಿ, 250 ಕಿಲೋ. ಅದೇ ದಿನ ಶಿರಸಿಯಲ್ಲಿ ಕೆಂಪುಗೋಟು, 50 ಕಿಲೋ. ಜುಲೈ 3, ಶಿರಸಿ, ಚಾಲಿ, 400 ಕಿಲೋ. ಎಲ್ಲ ಕೂಡಿದರೆ 1,350 ಕಿಲೋ. ಈ ಒಟ್ಟು ಸಂಖ್ಯೆ ನೆನಪಿರಲಿ.

ನಮಗೆ ಬೇಕಾದ ಫಾರ್ಮುಲಾದ ಹೆಸರು ಸಮ್‌ಇಫ್ಸ್. ಕಂಪ್ಯೂಟರಿನಲ್ಲಿ ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಎಸ್, ಯು, ಎಮ್, ಐ, ಎಫ್, ಎಸ್ ಎಂದು ಆರು ಅಕ್ಷರ. ಕೊನೆಯ ಎಸ್ ಮರೆಯಬೇಡಿ. ಅದಿಲ್ಲದ ಸಮ್‌ಇಫ್ ಎಂಬ ಹಳೆಯ ಫಾರ್ಮುಲಾ ಬೇರೆಯೇ ಇದೆ, ಅದು ಒಂದೇ ಷರತ್ತನ್ನು ಹಿಡಿಯಬಲ್ಲದು. ಖಾಲಿ ಸೆಲ್ಲಿನಲ್ಲಿ ಸಮಚಿಹ್ನೆ ಹಾಕಿ, ಸಮ್‌ಇಫ್ಸ್ ಎಂದು ಬರೆದು ಆವರಣ ತೆರೆಯಿರಿ. ಮೊದಲು ಹೇಳಬೇಕಾದದ್ದು ಯಾವುದನ್ನು ಕೂಡಬೇಕು ಎಂದು. ನಮ್ಮಲ್ಲಿ ಅದು ಡಿ ಕಾಲಂನ ತೂಕ. ಆಮೇಲೆ ಜೋಡಿ ಜೋಡಿಯಾಗಿ ಷರತ್ತುಗಳು. ಎಲ್ಲಿ ನೋಡಬೇಕು, ಅಲ್ಲಿ ಏನಿರಬೇಕು. ಸಿ ಕಾಲಂನಲ್ಲಿ ನೋಡು, ಚಾಲಿ ಎಂದಿರಬೇಕು. ಬಿ ಕಾಲಂನಲ್ಲಿ ನೋಡು, ಶಿರಸಿ ಎಂದಿರಬೇಕು. ಒಂದೊಂದರ ನಡುವೆ ಅಲ್ಪವಿರಾಮ, ಪದಗಳಿಗೆ ಉದ್ಧರಣ ಚಿಹ್ನೆ. ಮುದ್ರಣದಲ್ಲಿ ಇದನ್ನು ಓದುವವರಿಗಾಗಿ ಕನ್ನಡ ಲಿಪಿಯಲ್ಲೇ ಇಡುತ್ತೇನೆ:

=ಸಮ್‌ಇಫ್ಸ್(ಡಿ2:ಡಿ500, ಸಿ2:ಸಿ500, "ಚಾಲಿ", ಬಿ2:ಬಿ500, "ಶಿರಸಿ")

ನಮ್ಮ ಆರು ಸಾಲುಗಳ ಮೇಲೆ ಇದನ್ನು ಓಡಿಸಿದರೆ 300, 250, 400 ಕೂಡಿ 950 ಬರುತ್ತದೆ. ಸಿದ್ದಾಪುರದ ಚಾಲಿ ಬಿಟ್ಟುಹೋಯಿತು, ಶಿರಸಿಯ ರಾಶಿಯೂ ಬಿಟ್ಟುಹೋಯಿತು. ಅಡಿಕೆ ಆರಿಸಲು ಕೂತವರು ಒಂದೊಂದೇ ಕಾಳನ್ನು ಕೈಗೆತ್ತಿಕೊಂಡು ನೋಡಿ, ಬಣ್ಣವೂ ಗಾತ್ರವೂ ಎರಡೂ ಒಪ್ಪಿದರೆ ಮಾತ್ರ ಆ ಬುಟ್ಟಿಗೆ ಹಾಕುತ್ತಾರಲ್ಲ, ಅದೇ ಕೆಲಸವನ್ನು ಫಾರ್ಮುಲಾ ಸಾಲುಗಳ ಮೇಲೆ ಮಾಡುತ್ತದೆ. ಒಂದು ಷರತ್ತಿಗೆ ಹೊಂದಿ ಇನ್ನೊಂದಕ್ಕೆ ಹೊಂದದ ಸಾಲಿಗೆ ಅಲ್ಲಿ ಜಾಗವಿಲ್ಲ. ಎಕ್ಸೆಲ್‌ನಲ್ಲಿ ಇಂಥ ಜೋಡಿಗಳನ್ನು 127ರವರೆಗೆ ಹಾಕಬಹುದು. ನಮ್ಮ ಮನೆಗಳಿಗೆ ನಾಲ್ಕೈದು ಸಾಕು.

ಸಮ್‌ಇಫ್ಸ್ ಎಕ್ಸೆಲ್‌ಗೆ ಬಂದದ್ದು 2007ರಲ್ಲಿ. ಸ್ಪ್ರೆಡ್‌ಶೀಟ್ ಅದಕ್ಕಿಂತ ಬಹಳ ಹಳೆಯದು. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬ ಇಬ್ಬರು ಅಮೆರಿಕದಲ್ಲಿ 1979ರಲ್ಲಿ ಆಪಲ್ 2 ಯಂತ್ರಕ್ಕಾಗಿ ವಿಸಿಕ್ಯಾಲ್ಕ್ ತಂದರು. ಎಕ್ಸೆಲ್ 1985ರಲ್ಲಿ ಮೊದಲು ಮ್ಯಾಕಿಂಟಾಷ್‌ಗೆ ಬಂತು, 1987ರಲ್ಲಿ ವಿಂಡೋಸ್‌ಗೆ. ಅಂದಮೇಲೆ ಸಮ್‌ಇಫ್ಸ್ ಇಲ್ಲದ ಅಷ್ಟು ವರ್ಷ ಜನ ಹಲವು ಷರತ್ತುಗಳ ಲೆಕ್ಕ ಹೇಗೆ ಮಾಡುತ್ತಿದ್ದರು? ಅವರು ಬಳಸುತ್ತಿದ್ದ ದಾರಿಗಳಲ್ಲಿ ಒಂದು ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಅದರ ಹೆಸರು ಸಮ್‌ಪ್ರಾಡಕ್ಟ್. ನನಗೆ ಇದರ ಮೇಲೆ ವಿಶೇಷ ಅಭಿಮಾನ. ಷರತ್ತು ಎಂದರೆ ಒಳಗೆ ನಡೆಯುವುದೇನು ಎಂಬುದನ್ನು ಇದು ಬಿಚ್ಚಿ ತೋರಿಸುತ್ತದೆ.

ಒಂದು ಸಾಲಿನ ಮುಂದೆ 'ಇದು ಚಾಲಿಯೇ?' ಎಂದು ಕೇಳಿ. ಹೌದಾದರೆ 1, ಅಲ್ಲವಾದರೆ 0. 'ಶಿರಸಿಯದೇ?' ಎಂದು ಕೇಳಿ. ಹೌದಾದರೆ 1, ಅಲ್ಲವಾದರೆ 0. ಎರಡನ್ನೂ ಗುಣಿಸಿ, ಬಂದದ್ದನ್ನು ತೂಕಕ್ಕೆ ಗುಣಿಸಿ. ಎರಡೂ ಹೌದಾದರೆ ಒಂದೊಂದ್ಲ ಒಂದು, ತೂಕ ಹಾಗೇ ಉಳಿಯುತ್ತದೆ. ಒಂದು ಕಡೆ ಸೊನ್ನೆ ಬಂದರೂ ಸಾಕು, ಆ ಸಾಲಿನ ತೂಕವೆಲ್ಲ ಸೊನ್ನೆ. ಸಿದ್ದಾಪುರದ 150 ಕಿಲೋ ಹೀಗೆಯೇ ಅಳಿಸಿಹೋಗುತ್ತದೆ. ಉಳಿದದ್ದನ್ನು ಕೂಡಿದರೆ ಮತ್ತೆ ಅದೇ 950. ಅಂದರೆ ನಾವು ಮಾತಿನಲ್ಲಿ 'ಮತ್ತು' ಎನ್ನುವುದು ಲೆಕ್ಕದಲ್ಲಿ ಗುಣಾಕಾರ. ಇದು ಕಂಪ್ಯೂಟರು ಮಾಡಿದವರ ಉಪಾಯವಲ್ಲ. ಜಾರ್ಜ್ ಬೂಲ್ ಎಂಬ ಗಣಿತಜ್ಞ 1854ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ತರ್ಕದ ಮಾತುಗಳನ್ನು 0 ಮತ್ತು 1ರ ಬೀಜಗಣಿತವಾಗಿ ಬರೆದು ತೋರಿಸಿದ. ಆಗ ವಿದ್ಯುತ್ ದೀಪವೂ ಮನೆಗಳಿಗೆ ಬಂದಿರಲಿಲ್ಲ. ಅವನ ಆ ವಿಚಾರ ಇವತ್ತು ನಮ್ಮ ಚಾಲಿ ಅಡಿಕೆಯ ಲೆಕ್ಕಕ್ಕೆ ಬರುತ್ತದೆ ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

'ಮತ್ತು' ಗುಣಾಕಾರವಾದರೆ 'ಅಥವಾ' ಕೂಡುವಿಕೆ. ಇಲ್ಲಿ ತುಸು ನಿಲ್ಲಬೇಕು, ಯಾಕೆಂದರೆ ಎಡವುವುದು ಇಲ್ಲಿಯೇ. 'ಚಾಲಿ ಅಥವಾ ರಾಶಿ' ಎಷ್ಟು ಎಂದು ಕೇಳಿದರೆ ಕಷ್ಟವಿಲ್ಲ. ಚಾಲಿಯದೊಂದು ಸಮ್‌ಇಫ್ಸ್, ರಾಶಿಯದೊಂದು ಸಮ್‌ಇಫ್ಸ್ ಮಾಡಿ ಎರಡನ್ನೂ ಕೂಡಿದರೆ ಆಯಿತು. ಒಂದೇ ಸಾಲು ಚಾಲಿಯೂ ರಾಶಿಯೂ ಆಗಿರಲಾರದು. ಆದರೆ 'ಚಾಲಿ ಆಗಿರಬೇಕು, ಅಥವಾ ಶಿರಸಿಯಲ್ಲಿ ಮಾರಿದ್ದಾಗಿರಬೇಕು' ಎಂದಾಗ ಹೀಗೆ ಕೂಡಿದರೆ ಅನಾಹುತ. ನಮ್ಮ ದಾಖಲೆಯಲ್ಲಿ ಒಟ್ಟು ಚಾಲಿ 1,100 ಕಿಲೋ. ಶಿರಸಿಯ ಒಟ್ಟು ಮಾರಾಟ 1,200 ಕಿಲೋ. ಎರಡೂ ಕೂಡಿದರೆ 2,300. ನಾವು ಮಾರಿದ್ದೇ 1,350! ಶಿರಸಿಯಲ್ಲಿ ಮಾರಿದ ಚಾಲಿ, ಆ 950 ಕಿಲೋ, ಎರಡೂ ಕಡೆ ಲೆಕ್ಕಕ್ಕೆ ಬಂದಿದೆ. ಅದನ್ನು ಒಮ್ಮೆ ಕಳೆದರೆ 1,350 ಸರಿಹೋಗುತ್ತದೆ. ಎರಡು ಬೇರೆ ಬೇರೆ ಕಾಲಂಗಳ ಮೇಲೆ 'ಅಥವಾ' ಬಂದಾಗಲೆಲ್ಲ, ಎರಡಕ್ಕೂ ಸೇರಿದ ಸಾಲು ಇದೆಯೇ ಎಂದು ಕೇಳಿಕೊಳ್ಳಿ. ಆರು ಸಾಲಿನಲ್ಲಿ ಈ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಆರು ಸಾವಿರ ಸಾಲಿನಲ್ಲಿ ಹೊಡೆಯುವುದಿಲ್ಲ.

ಇನ್ನು ದಿನಾಂಕ. ಮೊದಲು ಕೇಳಿದ ಪ್ರಶ್ನೆಯಲ್ಲಿ 'ಏಪ್ರಿಲ್‌ನಿಂದ ಜೂನ್‌ವರೆಗೆ' ಎಂಬುದು ಬಾಯಲ್ಲಿ ಒಂದೇ ಮಾತು. ಫಾರ್ಮುಲಾಕ್ಕೆ ಅದು ಎರಡು ಷರತ್ತು. ಎ ಕಾಲಂನಲ್ಲಿ ನೋಡು, ಏಪ್ರಿಲ್ 1 ಅಥವಾ ಅದಕ್ಕಿಂತ ಈಚಿನದಾಗಿರಬೇಕು. ಮತ್ತೆ ಅದೇ ಎ ಕಾಲಂನಲ್ಲಿ ನೋಡು, ಜುಲೈ 1ಕ್ಕಿಂತ ಹಿಂದಿನದಾಗಿರಬೇಕು. ಜೂನ್ 30ರವರೆಗೆ ಎಂದು ಬರೆಯುವುದಕ್ಕಿಂತ ಜುಲೈ 1ಕ್ಕಿಂತ ಮೊದಲು ಎನ್ನುವುದೇ ಗಟ್ಟಿ. ದಿನಾಂಕದ ಜೊತೆ ಗಂಟೆಯೂ ದಾಖಲಾಗಿದ್ದರೆ ಜೂನ್ 30ರ ಮಧ್ಯಾಹ್ನದ ಮಾರಾಟ ಮೊದಲ ರೀತಿಯಲ್ಲಿ ತಪ್ಪಿಹೋಗುತ್ತದೆ. ಈ ಎರಡು ದಿನಾಂಕಗಳನ್ನು ಫಾರ್ಮುಲಾದ ಒಳಗೇ ಹೂಳಬೇಡಿ. ಎರಡು ಬೇರೆ ಸೆಲ್ಲುಗಳಲ್ಲಿ ಬರೆದಿಡಿ. ಹೆಚ್ಚು, ಕಡಿಮೆ ಎಂದು ತೋರಿಸುವ ಚಿಹ್ನೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಆಂಪರ್ಸೆಂಡ್ ಎಂಬ ಚಿಹ್ನೆಯಿಂದ ಆ ಸೆಲ್ಲಿಗೆ ಜೋಡಿಸಿ. ಹೊಸಬರು ಹೆಚ್ಚಾಗಿ ಸೋಲುವುದು ಈ ಜೋಡಣೆಯಲ್ಲಿ. ಸೆಲ್ಲಿನ ಹೆಸರನ್ನೂ ಉದ್ಧರಣ ಚಿಹ್ನೆಯ ಒಳಗೇ ಬರೆದುಬಿಡುತ್ತಾರೆ. ಆಗ ಉತ್ತರ ಸೊನ್ನೆ. ಸರಿಯಾಗಿ ಬರೆದರೆ ನಮ್ಮ ದಾಖಲೆಯಲ್ಲಿ ಜುಲೈಯ 400 ಬಿಟ್ಟುಹೋಗಿ 550 ಕಿಲೋ ಉಳಿಯುತ್ತದೆ. ಐದೂವರೆ ಕ್ವಿಂಟಲ್. ಮೊದಲ ಪ್ರಶ್ನೆಗೆ ಉತ್ತರ ಅದು.

ಯಂತ್ರದ ಒಳಗೆ ದಿನಾಂಕವೆಂದರೆ ಒಂದು ಸಂಖ್ಯೆ, ಅಷ್ಟೆ. ಎಕ್ಸೆಲ್ 1900ರ ಜನವರಿ 1ನ್ನು 1 ಎಂದು ಎಣಿಸಲು ಆರಂಭಿಸುತ್ತದೆ. ಆ ಎಣಿಕೆಯಲ್ಲಿ 2024ರ ಏಪ್ರಿಲ್ 1 ಎಂದರೆ 45383. ಅದೇ ವರ್ಷದ ಜುಲೈ 1 ಎಂದರೆ 45474. ಸಂಖ್ಯೆಯಾದದ್ದರಿಂದಲೇ ಹೆಚ್ಚು ಕಡಿಮೆ ಎಂದು ಹೋಲಿಸಲು ಬರುತ್ತದೆ. ನಾವು ಕನ್ನಡದಲ್ಲಿ ದಿನಾಂಕ ಬರೆಯುವಾಗ ನಡುವೆ ಚುಕ್ಕಿ ಇಡುವ ರೂಢಿಯವರು. ಬಹಳಷ್ಟು ಕಂಪ್ಯೂಟರುಗಳು ಆ ಚುಕ್ಕಿಯ ದಿನಾಂಕವನ್ನು ದಿನಾಂಕವೆಂದು ಒಪ್ಪುವುದಿಲ್ಲ, ಬರೀ ಅಕ್ಷರವಾಗಿ ಇಟ್ಟುಕೊಳ್ಳುತ್ತವೆ. ಗೆರೆ ಹಾಕಿ ಬರೆಯಿರಿ. ಅದರಲ್ಲೂ ಯಂತ್ರ ಅಮೆರಿಕದ ಕ್ರಮದಲ್ಲಿದ್ದರೆ ತಿಂಗಳು ಮೊದಲು, ದಿನ ಆಮೇಲೆ. ಆಗ ಏಪ್ರಿಲ್ 5 ಎಂದು ನೀವು ತುಂಬಿದ್ದು ಮೇ 4 ಆಗುತ್ತದೆ. ಏಪ್ರಿಲ್ 20 ಎಂದು ತುಂಬಿದ್ದು, ಇಪ್ಪತ್ತನೆಯ ತಿಂಗಳು ಇಲ್ಲವಾದ್ದರಿಂದ, ಅಕ್ಷರವಾಗಿ ಕೂರುತ್ತದೆ. ಒಂದೇ ಕಾಲಂನಲ್ಲಿ ಅರ್ಧ ತಪ್ಪು ದಿನಾಂಕ, ಅರ್ಧ ಅಕ್ಷರ. ನೋಡಿ ಹಿಡಿಯುವ ಸುಲಭದ ದಾರಿ ಒಂದಿದೆ. ನೀವು ಸೆಲ್ಲಿನೊಳಗಿನ ಜೋಡಣೆ ಬದಲಿಸದಿದ್ದರೆ, ಸಂಖ್ಯೆಗಳೂ ದಿನಾಂಕಗಳೂ ಸೆಲ್ಲಿನ ಬಲ ಅಂಚಿಗೆ ನಿಲ್ಲುತ್ತವೆ, ಅಕ್ಷರಗಳು ಎಡ ಅಂಚಿಗೆ ನಿಲ್ಲುತ್ತವೆ. ದಿನಾಂಕದ ಕಾಲಂನಲ್ಲಿ ಎಡಕ್ಕೆ ನಿಂತದ್ದು ಕಂಡರೆ ಅಲ್ಲಿ ತೊಂದರೆ ಇದೆ.

ತೂಕದ ಕಾಲಂನಲ್ಲೂ ಇದೇ ಪರೀಕ್ಷೆ ಮಾಡಿ. '300 ಕಿಲೋ' ಎಂದು ಪದ ಸೇರಿಸಿ ಬರೆದರೆ ಅದು ಸಂಖ್ಯೆಯಲ್ಲ. ಸಮ್‌ಇಫ್ಸ್ ಅಂಥ ಸೆಲ್ಲನ್ನು ಮಾತಿಲ್ಲದೆ ದಾಟಿಹೋಗುತ್ತದೆ. ಕೂಡಲಿಲ್ಲ ಎಂದು ಹೇಳುವುದೂ ಇಲ್ಲ. ಗುಣಾಕಾರದಲ್ಲಿ ಬರೆದ ಸಮ್‌ಪ್ರಾಡಕ್ಟ್ ಮಾತ್ರ ಅಲ್ಲಿಯೇ ನಿಂತು ದೋಷದ ಸಂದೇಶ ಕೊಡುತ್ತದೆ. ದೋಷದ ಸಂದೇಶ ಬಂದರೆ ಜನ ಬೇಸರ ಪಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೇಸರ ಪಡಬೇಕಾದದ್ದು ಸದ್ದಿಲ್ಲದೆ ಕಡಿಮೆ ಬರುವ ಮೊತ್ತಕ್ಕೆ.

ಬಗೆಯ ಹೆಸರಿನ ಮಾತಿಗೆ ಬರೋಣ. ಅಡಿಕೆಯಲ್ಲಿ ಹೆಸರುಗಳು ಊರಿಗೊಂದು ರೀತಿ. ಶಿವಮೊಗ್ಗದ ಕಡೆ ಸರಕು, ಬೆಟ್ಟೆ, ರಾಶಿ, ಗೊರಬಲು. ಶಿರಸಿಯ ಕಡೆ ರಾಶಿ, ತಟ್ಟಿಬೆಟ್ಟೆ, ಚಾಲಿ, ಬಿಳಿಗೋಟು, ಕೆಂಪುಗೋಟು. ಕರಾವಳಿಗೆ ಹೋದರೆ ಹೊಸತು, ಹಳತು, ಕೋಕಾ. ಒಂದೇ ಮನೆಯಲ್ಲಿ ಒಬ್ಬರು ಕೆಂಪುಗೋಟು ಎಂದು ಕೂಡಿಸಿ ಬರೆಯುತ್ತಾರೆ, ಇನ್ನೊಬ್ಬರು ಕೆಂಪು ಗೋಟು ಎಂದು ಬಿಡಿಸಿ ಬರೆಯುತ್ತಾರೆ. ಒಬ್ಬರು ಬಿಳಿಗೋಟು, ಇನ್ನೊಬ್ಬರು ಬಿಳೆಗೋಟು. ಒಬ್ಬರಿಗೆ ಶಿರಸಿ, ಇನ್ನೊಬ್ಬರಿಗೆ ಸಿರ್ಸಿ. ಓದುವ ಮನುಷ್ಯನಿಗೆ ಎಲ್ಲ ಒಂದೇ. ಫಾರ್ಮುಲಾಕ್ಕೆ ಒಂದೊಂದೂ ಬೇರೆ. ಪದದ ಕೊನೆಗೆ ಅರಿಯದೆ ಒತ್ತಿದ ಒಂದು ಖಾಲಿ ಜಾಗ ಕೂಡ ಹೆಸರನ್ನು ಬೇರೆ ಮಾಡುತ್ತದೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ತುಂಬಿದ ಕಡತಗಳು ಇನ್ನೂ ಒಂದು ತೊಡಕು. ಅವು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲಿರುತ್ತವೆ. ಈಗಿನ ಯೂನಿಕೋಡ್ ಸಂಕೇತದಲ್ಲಿ ಚಾಲಿ ಎಂದು ಬರೆದ ಷರತ್ತಿಗೆ ಆ ಚಾಲಿ ಸಿಗುವುದೇ ಇಲ್ಲ. ಹಳೆಯ ಕಡತಗಳನ್ನು ಮೊದಲು ಯೂನಿಕೋಡ್‌ಗೆ ತಿರುಗಿಸಿಕೊಂಡೇ ಮುಂದುವರಿಯಬೇಕು.

ಇದಕ್ಕೆ ಮದ್ದು ಸುಲಭ. ಬಗೆಗಳ ಹೆಸರನ್ನು ಒಮ್ಮೆ ಬೇರೆ ಹಾಳೆಯಲ್ಲಿ ಬರೆದಿಟ್ಟು, ಡೇಟಾ ವ್ಯಾಲಿಡೇಷನ್ ಎಂಬ ಸೌಲಭ್ಯದಿಂದ ಸಿ ಕಾಲಂಗೆ ಕಟ್ಟಿಬಿಡಿ. ಆಮೇಲೆ ತುಂಬುವವರು ಹೆಸರು ಬರೆಯುವುದಿಲ್ಲ, ಇಳಿಯುವ ಪಟ್ಟಿಯಿಂದ ಆರಿಸುತ್ತಾರೆ. ಮಾರುಕಟ್ಟೆಗೂ ಹಾಗೆಯೇ. ನಕ್ಷತ್ರ ಚಿಹ್ನೆ ಹಾಕಿ ಭಾಗಶಃ ಹೊಂದಿಕೆ ಹುಡುಕುವ ದಾರಿಯೂ ಇದೆ. ಚಾಲಿ ಎಂಬ ಪದಕ್ಕಿಂತ ಮೊದಲು ನಕ್ಷತ್ರ ಹಾಕಿದರೆ ಹಳೆ ಚಾಲಿ, ಹೊಸ ಚಾಲಿ ಎರಡೂ ಬರುತ್ತವೆ. ಅನುಕೂಲವೇ. ಆದರೆ ಅದೇ ಚಿಹ್ನೆಯನ್ನು ಬೆಟ್ಟೆ ಎಂಬ ಪದಕ್ಕಿಂತ ಮೊದಲು ಹಾಕಿದರೆ ತಟ್ಟಿಬೆಟ್ಟೆಯೂ ಬಂದು ಸೇರುತ್ತದೆ. ಎರಡರ ದರ ಬೇರೆ. ನಕ್ಷತ್ರವನ್ನು ಬಹಳ ಯೋಚಿಸಿ ಬಳಸಬೇಕು.

ಕಾಗದದ ಪುಸ್ತಕದಿಂದ ನಾವು ಹೊತ್ತು ತಂದ ಎರಡು ಅಭ್ಯಾಸಗಳನ್ನು ಇಲ್ಲಿ ಬಿಡಲೇಬೇಕು. ಒಂದು, ಒಂದೇ ದಿನದ ಮೂರು ಸಾಲುಗಳಿದ್ದರೆ ಮೊದಲ ಸಾಲಿಗೆ ದಿನಾಂಕ ಬರೆದು ಕೆಳಗಿನ ಎರಡಕ್ಕೆ 'ಸದರಿ' ಎಂದೋ ಎರಡು ಗೀಟನ್ನೋ ಹಾಕುವುದು. ಫಾರ್ಮುಲಾ ಮೇಲಿನ ಸಾಲು ನೋಡಿ ಅರ್ಥ ಮಾಡಿಕೊಳ್ಳುವುದಿಲ್ಲ. ಪ್ರತಿ ಸಾಲೂ ತನ್ನ ದಿನಾಂಕ, ತನ್ನ ಮಾರುಕಟ್ಟೆ, ತನ್ನ ಬಗೆಯನ್ನು ತಾನೇ ಹೇಳಬೇಕು. ಇನ್ನೊಂದು, ತಿಂಗಳು ಮುಗಿದ ಕೂಡಲೇ ದಾಖಲೆಯ ನಡುವೆ ಒಂದು ಮೊತ್ತದ ಸಾಲು ಹಾಕುವುದು. ಆ ಮೊತ್ತವೂ ಮುಂದಿನ ಕೂಡುವಿಕೆಯಲ್ಲಿ ಸೇರಿ ಲೆಕ್ಕ ಇಮ್ಮಡಿಯಾಗುತ್ತದೆ. ಮೊತ್ತಗಳಿಗೆ ಬೇರೆ ಹಾಳೆ ಇರಲಿ.

ಆ ಬೇರೆ ಹಾಳೆಯೇ ನಿಮ್ಮ ವರದಿ. ಎಡಗಡೆ ಮೇಲಿನಿಂದ ಕೆಳಗೆ ಅಡಿಕೆಯ ಬಗೆಗಳು. ಮೇಲುಗಡೆ ಎಡದಿಂದ ಬಲಕ್ಕೆ ತಿಂಗಳ ಮೊದಲ ದಿನಾಂಕಗಳು, ಕೊನೆಯ ತಿಂಗಳ ಆಚೆಗೆ ಇನ್ನೂ ಒಂದು. ಒಂದು ಮೂಲೆಯ ಸೆಲ್ಲಿನಲ್ಲಿ ಸಮ್‌ಇಫ್ಸ್ ಒಮ್ಮೆ ಸರಿಯಾಗಿ ಬರೆದರೆ ಸಾಕು. ಷರತ್ತಿಗೆ ಬಗೆಯ ಸೆಲ್ಲು, ದಿನಾಂಕಕ್ಕೆ ಮೇಲಿನ ಸೆಲ್ಲು ಮತ್ತು ಅದರ ಬಲಗಡೆಯದು. ದಾಖಲೆಯ ಹರವುಗಳಿಗೆ ಡಾಲರ್ ಚಿಹ್ನೆ ಹಾಕಿ ಕಟ್ಟಿಹಾಕಬೇಕು. ಬಗೆಯ ಸೆಲ್ಲಿಗೆ ಕಾಲಂ ಅಕ್ಷರದ ಮುಂದೆ, ದಿನಾಂಕದ ಸೆಲ್ಲಿಗೆ ಸಾಲಿನ ಅಂಕಿಯ ಮುಂದೆ ಆ ಚಿಹ್ನೆ. ಆಮೇಲೆ ಹಿಡಿದು ಎಳೆದರೆ ಇಡೀ ವರ್ಷದ ಕೋಷ್ಟಕ ತುಂಬಿಕೊಳ್ಳುತ್ತದೆ. ನಾಳೆ ದಾಖಲೆಯಲ್ಲಿ ಹೊಸ ಸಾಲು ಬಿದ್ದರೆ ಇಲ್ಲಿಯ ಮೊತ್ತ ತಾನಾಗಿ ಬದಲಾಗುತ್ತದೆ. ಪಿವೋಟ್ ಟೇಬಲ್ ಎಂಬ ಇನ್ನೊಂದು ಸಾಧನವೂ ಇದೇ ಕೆಲಸವನ್ನು ಫಾರ್ಮುಲಾ ಇಲ್ಲದೆ ಮಾಡುತ್ತದೆ. ತಿರುಗಿಸಿ ಮುರುಗಿಸಿ ನೋಡಲು ಅದು ಒಳ್ಳೆಯದು. ವರ್ಷ ವರ್ಷ ಒಂದೇ ನಮೂನೆಯಲ್ಲಿ ಬೇಕಾದ ವರದಿಗೆ ನನ್ನ ಮತ ಸಮ್‌ಇಫ್ಸ್‌ಗೆ.

ಸರಾಸರಿ ದರದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 'ಈ ವರ್ಷ ಚಾಲಿಗೆ ಸರಾಸರಿ ಎಷ್ಟು ಸಿಕ್ಕಿತು' ಎಂದರೆ ಎಷ್ಟೋ ಜನ ದರದ ಕಾಲಂನ ಸರಾಸರಿ ತೆಗೆಯುತ್ತಾರೆ. ಅದು ಸುಳ್ಳು ಉತ್ತರ. ಉದಾಹರಣೆಗೆ 400 ಕಿಲೋ ಚಾಲಿಯನ್ನು ಕ್ವಿಂಟಲಿಗೆ 36,000 ರೂಪಾಯಿಗೆ ಮಾರಿದಿರಿ, ಆಮೇಲೆ 100 ಕಿಲೋವನ್ನು 40,000ಕ್ಕೆ ಮಾರಿದಿರಿ ಎನ್ನಿ. ದರಗಳ ಸರಾಸರಿ 38,000. ಆದರೆ ಕೈಗೆ ಬಂದದ್ದು 1,44,000 ಮತ್ತು 40,000, ಒಟ್ಟು 1,84,000. ಐದು ಕ್ವಿಂಟಲಿಗೆ ಭಾಗಿಸಿದರೆ 36,800. ಕ್ವಿಂಟಲಿಗೆ 1,200 ರೂಪಾಯಿಯ ಅಂತರ. ಮೊತ್ತದ ಮೇಲೆ ಒಂದು ಸಮ್‌ಇಫ್ಸ್, ತೂಕದ ಮೇಲೆ ಅದೇ ಷರತ್ತುಗಳ ಇನ್ನೊಂದು ಸಮ್‌ಇಫ್ಸ್ ಮಾಡಿ ಭಾಗಿಸಿ. ಅಣ್ಣ ತಮ್ಮಂದಿರ ಪಾಲು ಹಂಚುವಾಗ, ಮುಂದಿನ ವರ್ಷ ಅಡಿಕೆಯನ್ನು ಯಾವಾಗ ಕೊಡಬೇಕೆಂದು ಯೋಚಿಸುವಾಗ ಬೇಕಾದ ದರ ಇದು.

ದೊಡ್ಡವರೂ ಇಂಥ ಲೆಕ್ಕದಲ್ಲಿ ಎಡವಿದ ಪ್ರಸಂಗ ಒಂದಿದೆ. ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸರ್ಕಾರದ ಸಾಲ ದೇಶದ ಒಟ್ಟು ಉತ್ಪನ್ನದ ಶೇ. 90 ದಾಟಿದ ಶ್ರೀಮಂತ ದೇಶಗಳಲ್ಲಿ ಆರ್ಥಿಕ ಬೆಳವಣಿಗೆ ಸರಾಸರಿ ಸೊನ್ನೆಗಿಂತ ಕೆಳಗೆ, ಶೇ. ಮೈನಸ್ 0.1ಕ್ಕೆ ಇಳಿಯುತ್ತದೆ ಎಂದು ಅದರಲ್ಲಿತ್ತು. ಸರ್ಕಾರಗಳು ಖರ್ಚು ಕಡಿತ ಮಾಡಬೇಕೆನ್ನುವವರು ಅದನ್ನು ಮತ್ತೆ ಮತ್ತೆ ಮುಂದಿಟ್ಟರು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ಕಡತವನ್ನೇ ತರಿಸಿಕೊಂಡು ನೋಡಿದ. ಸರಾಸರಿಯ ಫಾರ್ಮುಲಾ ಐದು ಸಾಲು ಮೊದಲೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಲೆಕ್ಕಕ್ಕೇ ಬಂದಿರಲಿಲ್ಲ. ಕೆಲವು ವರ್ಷಗಳ ಅಂಕಿಗಳನ್ನು ಬಿಟ್ಟದ್ದು, ದೇಶಗಳಿಗೆ ಕೊಟ್ಟ ತೂಕ, ಇವು ಇನ್ನೂ ದೊಡ್ಡ ಕಾರಣಗಳಾಗಿದ್ದವು. ಎಲ್ಲ ಸರಿಪಡಿಸಿದಾಗ ಆತನೂ ಆತನ ಇಬ್ಬರು ಅಧ್ಯಾಪಕರೂ ಪಡೆದ ಸರಾಸರಿ ಶೇ. 2.2. ಪಾಂಡಿತ್ಯ ಎಷ್ಟೇ ಇದ್ದರೂ ಫಾರ್ಮುಲಾದ ಹರವು ಕೊನೆಯ ಸಾಲನ್ನು ಮುಟ್ಟಿದೆಯೇ ಎಂದು ಕಣ್ಣಾರೆ ನೋಡಬೇಕಾಗುತ್ತದೆ. ಎಕ್ಸೆಲ್‌ನಲ್ಲಿ ದಾಖಲೆಯನ್ನು ಟೇಬಲ್ ಎಂದು ಘೋಷಿಸಿಕೊಂಡರೆ ಸಾಲು ಹೆಚ್ಚಿದಂತೆ ಹರವೂ ತಾನೇ ಬೆಳೆಯುತ್ತದೆ.

ಅದಕ್ಕಾಗಿಯೇ ತಾಳೆ ನೋಡುವುದು. ನಮ್ಮ ಹಿಂದಿನ ಗುಮಾಸ್ತರು ತಾಳೆಯಾಗದೆ ಪುಸ್ತಕ ಮುಚ್ಚುತ್ತಿರಲಿಲ್ಲ. ವರದಿಯ ಹಾಳೆಯಲ್ಲಿ ಎಲ್ಲ ಬಗೆಗಳ, ಎಲ್ಲ ತಿಂಗಳ ಮೊತ್ತ ಕೂಡಿ. ದಾಖಲೆಯ ತೂಕದ ಕಾಲಂ ಅನ್ನು ಯಾವ ಷರತ್ತೂ ಇಲ್ಲದೆ ಕೂಡಿ. ಎರಡೂ ಒಂದೇ ಬರಬೇಕು. ನಮ್ಮ ಆರು ಸಾಲುಗಳಲ್ಲಿ ಚಾಲಿ 1,100, ರಾಶಿ 200, ಕೆಂಪುಗೋಟು 50, ಸೇರಿಸಿದರೆ 1,350. ಒಬ್ಬರು ಕೆಂಪು ಗೋಟು ಎಂದು ಬಿಡಿಸಿ ಬರೆದಿದ್ದರೆ 1,300 ಬಂದು ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಆ ವ್ಯತ್ಯಾಸವನ್ನು ತೋರಿಸುವ ಒಂದು ಸೆಲ್ಲು ವರದಿಯ ತಲೆಯ ಮೇಲೇ ಇರಲಿ. ಅದು ಸೊನ್ನೆಯಾಗಿರುವವರೆಗೆ ವರದಿಯನ್ನು ನಂಬಬಹುದು. ತೂಕವನ್ನೇ ಅಕ್ಷರವಾಗಿ ಬರೆದ ತಪ್ಪು ಮಾತ್ರ ಇದರಲ್ಲಿ ಸಿಗುವುದಿಲ್ಲ, ಎರಡೂ ಕಡೆ ಅದು ಬಿಟ್ಟುಹೋಗುತ್ತದೆ. ಅದಕ್ಕೆ ಮಂಡಿಯ ಪಟ್ಟಿಗಳ ಒಟ್ಟು ತೂಕದೊಂದಿಗೆ ಹೋಲಿಸಬೇಕು.

ಸಂಘದಲ್ಲೇ ಲೆಕ್ಕ ಇರುವಾಗ ಮನೆಯಲ್ಲಿ ಯಾಕೆ ಎಂದು ನೀವು ಕೇಳಬಹುದು. ಶಿರಸಿಯ ತೋಟಗಾರರ ಮಾರಾಟ ಸಂಘ ಹುಟ್ಟಿದ್ದು 1923ರಲ್ಲಿ, ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ಮಂಗಳೂರಿನ ಕ್ಯಾಂಪ್ಕೊ 1973ರಲ್ಲಿ. ಬೆಳೆಗಾರನ ಲೆಕ್ಕ ಬೆಳೆಗಾರನಿಗೆ ಸರಿಯಾಗಿ ಸಿಗಬೇಕೆಂಬುದೂ ಇಂಥ ಸಂಸ್ಥೆಗಳ ಹಿಂದಿನ ಆಸೆಯೇ. ಆದರೆ ಯಾವ ಸಂಘದ ಲೆಕ್ಕವಾದರೂ ಅಲ್ಲಿ ಮಾರಿದ್ದನ್ನಷ್ಟೇ ಹೇಳಬಲ್ಲದು. ಸಂಘಕ್ಕೆ ಹಾಕಿದ್ದು, ವಖಾರಿಗೆ ಕೊಟ್ಟದ್ದು, ಬೇರೆ ಊರಿನಲ್ಲಿ ಮಾರಿದ್ದು, ಮೇಲಿನ ತೋಟದ್ದು, ಕೆಳಗಿನ ತೋಟದ್ದು ಎಲ್ಲವೂ ಒಟ್ಟಿಗೆ ಕಾಣುವುದು ಮನೆಯವರೇ ಬರೆದ ದಾಖಲೆಯಲ್ಲಿ ಮಾತ್ರ. ಇದಕ್ಕೆ ಹಣ ಕೊಟ್ಟು ತಂತ್ರಾಂಶ ತರಬೇಕಾಗಿಲ್ಲ. ಲಿಬ್ರೆಆಫೀಸ್ ಉಚಿತವಾಗಿ ಸಿಗುತ್ತದೆ, ಗೂಗಲ್ ಶೀಟ್ಸ್ ಮೊಬೈಲಿನಲ್ಲೇ ಇರುತ್ತದೆ. ಎರಡರಲ್ಲೂ ಸಮ್‌ಇಫ್ಸ್ ಇದೆ.

ಕೇಳುಗರಲ್ಲಿ ನನ್ನ ವಿನಂತಿ ಇಷ್ಟು. ಮನೆಯಲ್ಲಿರುವ ಕಳೆದ ವರ್ಷದ ಪಟ್ಟಿಗಳನ್ನು ತೆಗೆಯಿರಿ. ಮಗನನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಮಾರಾಟಕ್ಕೆ ಒಂದು ಸಾಲಿನಂತೆ ಒಂದೇ ಹಾಳೆಯಲ್ಲಿ ತುಂಬಿಸಿ. ಒಂದು ಬಗೆ, ಒಂದು ಮಾರುಕಟ್ಟೆ, ಎರಡು ದಿನಾಂಕ ಹಾಕಿ ಮೊದಲ ಸಮ್‌ಇಫ್ಸ್ ಬರೆಯಿರಿ. ಬಂದ ಉತ್ತರವನ್ನು ಅದೇ ಪಟ್ಟಿಗಳ ಮೇಲೆ ಒಮ್ಮೆ ಕೈಯಲ್ಲಿ ಕೂಡಿ ತಾಳೆ ನೋಡಿ. ತಾಳೆಯಾದರೆ ಈ ವರ್ಷದ ಮೊದಲ ಪಟ್ಟಿ ಬಂದ ದಿನದಿಂದಲೇ ಅದರ ಕೆಳಗೆ ಬರೆಯಲು ಆರಂಭಿಸಿ.